ಬಸ್ಸು ನಿಂತಲ್ಲಿ ಚರಗ

ಎಳ್ಳ ಅಮಾವಾಸ್ಯೆಯ ದಿನ ಬಸ್ಸು ಕೆಟ್ಟಿದ್ದು ಗಬ್ಬೂರಿಗಿಂತ ಮೊದಲು ಎಂದು ಬರೆಯುತ್ತಿದ್ದೇನೆ. ದಾಟಿದ ಮೇಲೆ ಎನ್ನುತ್ತಾಳೆ ತಂಗಿ. ಹಸಿವಿನ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಜಗಳವಿಲ್ಲ.

ರಾಯಚೂರಿನಿಂದ ಹೊರಟ ಬಸ್ಸಿನ ತುಂಬ ಬುಟ್ಟಿಗಳು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ. ಯಾರೂ ಮುಟ್ಟುವಂತಿರಲಿಲ್ಲ. ಹೊಲದಲ್ಲಿ ಭೂಮ್ತಾಯಿಗೆ ಎಡೆ ಹಿಡಿದು, ಆ ಎಡೆಯ ಅಡಿಗೆಯನ್ನೇ ಬೆಳೆಯ ನಡುವೆ ಚರಗವೆಂದು ಚೆಲ್ಲಿದ ಮೇಲೆಯೇ ಮನುಷ್ಯರ ಸರದಿ. ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿದವಳು ಸೋದರಮಾವನ ಹೊಲ ಮುಟ್ಟುವವರೆಗೆ ಉಣ್ಣುವುದಿಲ್ಲ ಎಂದು ಕೂತಿದ್ದಳು. ಹೊತ್ತು ನೆತ್ತಿಗೆ ಬಂತು, ಅವಳ ಕೈ ಸಣ್ಣಗೆ ನಡುಗತೊಡಗಿತು.

“ಒಂದ್ ತುತ್ತು ತಿನ್ನಬೇ,” ಎಂದಳು ತಂಗಿ.

“ಭೂಮ್ತಾಯಿ ಉಪಾಸ ಕುಂತಾಳ, ನಾ ತಿನ್ಲೇನು?”

“ಇಲ್ಲೇ ಚೆಲ್ಲು. ಇದೂ ಭೂಮಿನೇ ಅಲ್ಲೇನು?”

“ಮಂದಿ ಹೊಲದಾಗ ಹೇಳದ ಕೇಳದ ಚೆಲ್ಲಾಕ ನಾ ಕಳ್ಳಿ ಏನು?”

ರಸ್ತೆ ಪಕ್ಕದ ಜೋಳದ ಹೊಲದ ಬದುವಿನಲ್ಲಿ ಒಬ್ಬ ಕೈಕಟ್ಟಿ ನಿಂತಿದ್ದ. ಸುತ್ತಲಿನ ಹೊಲಗಳಲ್ಲೆಲ್ಲ ಜನ ಉಣ್ಣುತ್ತಿದ್ದರು, ಅವನದರಲ್ಲಿ ಯಾರೂ ಇಲ್ಲ. ಕಂಡಕ್ಟರ್ ಕೇಳಿದ: “ನಿಂದು ಚರಗ ಆತೇನಪಾ?”

“ಎಲ್ಲೀದ್ರಿ. ಮನ್ಯಾಗ ಪುರುಡು ಅದ, ಮೊನ್ನಿ ಮಗಳು ಹುಟ್ಯಾಳ. ನಾವು ಎಡಿ ಹಿಡಿಯಂಗಿಲ್ಲ.” ಹೇಳುವಾಗ ಬಾಯಿ ತುಂಬ ನಗು. ಹೊಲದ ಕಡೆ ತಿರುಗಿದಾಗ ನಗು ಕರಗಿತು. “ಎಲ್ಲಾರ ಹೊಲಾನೂ ಉಂಡಾವು. ನಂದೊಂದ ನೋಡಾಕತ್ತದ.”

ಅವ್ವ ಸೀಟಿನ ಕಂಬಿ ಹಿಡಿದು ಎದ್ದಳು. “ನಾ ಚೆಲ್ಲಲೇನಪ್ಪಾ?”

“ಕೇಳ್ತೀರೇನ್ರಿ ಯವ್ವಾ, ಬರ್ರಿ.”

ಇಡೀ ಬಸ್ಸೇ ಇಳಿಯಿತು ಎಂದು ಬರೆಯಲು ಆಸೆ. ಕೆಲವರು ಸೀಟು ಹೋದೀತೆಂದು ಅಲ್ಲಾಡಲಿಲ್ಲ. ತಮ್ಮ ಬುಟ್ಟಿಯಿಂದ ಒಂದೊಂದು ರೊಟ್ಟಿಯನ್ನು ಕಿಟಕಿಯಿಂದ ಚಾಚಿದರು. ಪೂಜೆಗೆ ಪಾಂಡವರೆಂದು ಐದು ಕಲ್ಲು ಆರಿಸಿದ್ದಾಯಿತು, ಬಳಿಯಲು ಸುಣ್ಣವಿಲ್ಲ. ಕಂಡಕ್ಟರ್ ಜೇಬಿನಿಂದ ಡಬ್ಬಿ ತೆಗೆದ.

“ತಂಬಾಕದ ಸುಣ್ಣ ಏನೋ ಇದು?” ಎಂದಳು ಅವ್ವ.

“ಸುಣ್ಣ ಅಷ್ಟೇ ಅದ ಬೇ. ತಂಬಾಕ ಆ ಕಿಸೆದಾಗ ಅದ.”

ಪಾಂಡವರು ಬೆಳ್ಳಗಾದರು. ಎಡೆ ಹಿಡಿದು, ಅವ್ವ ಮುಂದೆ ಚರಗ ಚೆಲ್ಲುತ್ತ, ನಾನು ಹಿಂದೆ ನೀರು ಚಿಮುಕಿಸುತ್ತ ಹೊಲ ಸುತ್ತಿದೆವು. ಚರಗ ಚೆಲ್ಲುವಾಗ ಹಾಕುವ ಕೂಗನ್ನು ಜನ ತಮ್ಮ ತಮ್ಮ ಊರಿನ ರೀತಿಯಲ್ಲಿ ಹಾಕಿದರು. ಮಾನ್ವಿ ಕಡೆಯ ಅಜ್ಜಿಯೊಬ್ಬಳ ಕೂಗಿಗೆ ಜೋಳದಲ್ಲಿದ್ದ ಹಕ್ಕಿಗಳೆಲ್ಲ ಎದ್ದವು.

ಕೊನೆಗೆ ಅವ್ವ ಬದುವಿನ ಮೇಲೆ ಕೂತಳು. ಮೊದಲು ತೆಗೆದದ್ದು ಹೋಳಿಗೆ.

“ಸಕ್ಕರಿ ಬ್ಯಾನಿ ಅದ, ಹೋಳಿಗಿ ಬ್ಯಾಡಬೇ,” ಎಂದೆ.

“ಕೈ ನಡುಗಾಕತ್ತಾಗ ಸಿಹಿ ತಿನ್ನಂತ ಡಾಕ್ಟರೇ ಹೇಳ್ಯಾರ. ಕೇಳ್ಕೊಂಬಾ ಹೋಗು.”

ಒಂದನ್ನು ಮುಗಿಸಿ, ಎರಡನ್ನು ಬಾಣಂತಿಗೆ ಕಟ್ಟಿ ಆ ಮನುಷ್ಯನ ಕೈಗಿತ್ತಳು. ಅಷ್ಟರಲ್ಲಿ ಬಸ್ಸು ಚಾಲೂ ಆಯಿತು. ಡ್ರೈವರ್ ಹಾರ್ನ್ ಹೊಡೆದ. ಅವ್ವ ನಡುಕ ನಿಂತ ಕೈಯನ್ನು ಅವನ ಕಡೆ ಎತ್ತಿ ಹಿಡಿದಳು. ಬಾಯಲ್ಲಿ ರೊಟ್ಟಿ ಇತ್ತು, ಮಾತು ಬರಲಿಲ್ಲ. ಬಸ್ಸು ಕಾದು ನಿಂತಿತು.