ಅಮ್ಮನ ತವರಿನ ಎಲೆ

ಯಡಿಯೂರಿನ ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಯಾರ್ಯಾರಿಗೆ ಬಾಳೆಎಲೆ ಎಂಬುದು ಮೊದಲೇ ಗೊತ್ತಿರುತ್ತಿತ್ತು: ಮುತ್ತಾತ, ತಾತ, ಅಜ್ಜಿ, ಆಮೇಲೆ ಅಪ್ಪ. ತೊಂಬತ್ತರ ದಶಕದಲ್ಲಿ ಅಮ್ಮನ ಅಣ್ಣ, ತಂಗಿ ಇಬ್ಬರೂ ತೀರಿಕೊಂಡರು. ಹೋಗಿ ಮಣ್ಣು ಹಾಕಿ ಬಂದೆವು, ಎಲೆ ಹಾಕಲಿಲ್ಲ. ಅವರು ಕೋಣನಕುಂಟೆಯವರು, ಬೇರೆ ಮನೆತನ. ಹೊಲ ಹೋಗಿ ಬಾಡಿಗೆ ಮನೆಗಳು ಎದ್ದರೂ ನಮ್ಮ ಪದ್ಧತಿ ಕದಲಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ನಲವತ್ತೆಂಟರ ನನ್ನ ಅಣ್ಣನಿಗೆ ಮೂತ್ರ ಕಟ್ಟತೊಡಗಿತು. ಜಯನಗರದ ಡಾಕ್ಟರು, "ಫ್ಯಾಮಿಲೀಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?" ಎಂದರು.

ಅಣ್ಣ ಬಾಯಿ ತೆರೆಯುವ ಮೊದಲೇ ನಾನು, "ಛೇ, ಇಲ್ಲ ಸಾರ್. ನಮ್ಮಪ್ಪ ಎಂಬತ್ತೆರಡರವರೆಗೂ ಗಟ್ಟಿಮುಟ್ಟಾಗಿದ್ರು" ಎಂದೆ. ಬರೀ ಪ್ರಾಸ್ಟೇಟ್ ಗ್ರಂಥಿಯ ಊತವಿರಬೇಕೆಂದು ಅವರು ಮಾತ್ರೆ ಬರೆದರು. ನನಗೋ ಮನೆತನದ ಮಾನ ಉಳಿಸಿದ ಜಂಬ.

ಎರಡು ವರ್ಷದಲ್ಲಿ ಅಣ್ಣ ಸೊಂಟ ನೋವೆಂದು ಮಲಗಿದ. ಪ್ರಾಸ್ಟೇಟ್ ಕ್ಯಾನ್ಸರ್, ಆಗಲೇ ಮೂಳೆಗೆ ಹರಡಿತ್ತು. ಅದೇ ಡಾಕ್ಟರು ಅದೇ ಪ್ರಶ್ನೆ ಕೇಳಿದಾಗ ಜೊತೆಗೆ ಬಂದಿದ್ದ ಅಮ್ಮ, "ನಮ್ಮಣ್ಣ ಇದ್ರಲ್ಲೇ ಹೋಗಿದ್ದು. ತಂಗೀಗೆ ಎದೇಲಿ ಗಡ್ಡೆ" ಎಂದಳು.

"ಅದು ನಿನ್ನ ತವರುಮನೆ ಕತೆ, ಸುಮ್ನಿರಮ್ಮ" ಎಂದು ಗದರಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಮಕ್ಕಳಿಗೆ ಅರ್ಧ ಜೀನ್ ತಾಯಿಯಿಂದಾನೇ ಬರೋದು. ಕೆಲವು ಜೀನಲ್ಲಿ ದೋಷ ಇದ್ರೆ ಹೆಂಗಸರಿಗೆ ಎದೆ ಕ್ಯಾನ್ಸರ್, ಗಂಡಸರಿಗೆ ಇದು, ಎರಡರ ರಿಸ್ಕೂ ಜಾಸ್ತಿ. ಇದ್ದೋರಿಗೆಲ್ಲ ಕಾಯಿಲೆ ಬರಲ್ಲ. ಆದ್ರೆ ಬರದೇ ಇದ್ದೋರೂ ಮಕ್ಕಳಿಗೆ ಕೊಡಬಹುದು. ಅವತ್ತೇ ಹೇಳಿದ್ದಿದ್ರೆ ಆಗ್ಲೇ ಟೆಸ್ಟ್ ಮಾಡಿಸ್ತಿದ್ದೆ."

ಅಣ್ಣನ ರಕ್ತದಲ್ಲಿ ಆ ದೋಷ ಸಿಕ್ಕಿತು. ಆಮೇಲೆ ಅಮ್ಮನ ರಕ್ತದಲ್ಲೂ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಮ್ಮ ಕೇಳಿದ್ದು ಒಂದೇ ಮಾತು: "ನನ್ನಿಂದ್ಲೇ ಬಂತೇನೋ?" ನಾನು ರಿಪೋರ್ಟನ್ನು ಮಡಿಚಿ ಜೇಬಿಗಿಟ್ಟುಕೊಂಡೆ.

ನನಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ನನ್ನಲ್ಲಿದ್ದರೆ ನನ್ನ ಒಬ್ಬಳೇ ಮಗಳಿಗೂ ಅಷ್ಟೇ. ಪರೀಕ್ಷೆಗೆಂದು ಮೂರು ಸಲ ಲ್ಯಾಬಿನ ಬಾಗಿಲವರೆಗೆ ಹೋದೆ. ಮೂರು ಸಲವೂ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದು ವಾಪಸು ಬಂದೆ.

ಮರುವರ್ಷದ ಅಮಾವಾಸ್ಯೆಗೆ ಅಣ್ಣನಿಗೂ ಎಲೆ ಹಾಕಿದೆವು. ಅದರ ಪಕ್ಕದಲ್ಲಿ ಅಮ್ಮ ಇನ್ನೆರಡು ಹಾಕಿದಳು, ತನ್ನ ಅಣ್ಣನಿಗೊಂದು, ತಂಗಿಗೊಂದು. ಯಾರೂ ಬೇಡವೆನ್ನಲಿಲ್ಲ.

ಪಾಯಸದ ಪಾತ್ರೆ ಹಿಡಿದು ನಿಂತಿದ್ದ ಮಗಳು ಕೇಳಿದಳು: "ಇವರಿಬ್ರೂ ನನಗೇನಾಗ್ಬೇಕು ಅಪ್ಪಾ?"

ನಾನು ತಲೆ ತಗ್ಗಿಸಿ ಅನ್ನ ಬಡಿಸುತ್ತ ಹೋದೆ.