ಏಣಿ ಮೇಲಿದ್ದ ಕೋಚು

ಕಿಕ್ಕೇರಿಯ ಕುಲುಮೆಯಲ್ಲಿ ಬೆಳೆದ ರುದ್ರಾಚಾರಿ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಕೋಚು. ಲೀಗಿನಲ್ಲಿ ಯಾವ ಊರಿನ ರಿಂಗು ಬಾಗಿದರೂ ಸರಿಮಾಡೋಕೆ ರುದ್ರಣ್ಣನೇ ಬೇಕು.

ಈ ಸಲ ಪಾಂಡವಪುರದ ಸಮಾರಂಭದಲ್ಲಿ ಉತ್ತಮ ಕೋಚ್ ಪ್ರಶಸ್ತಿಗೆ ಅವನ ಹೆಸರನ್ನೇ ಕೂಗಿದರು. ಆಗ ರುದ್ರಣ್ಣ ಏಣಿ ಮೇಲೆ ನಿಂತು ರಿಂಗು ಬಿಗಿಯುತ್ತಿದ್ದ. ಹತ್ತಿಸಿದವರೂ ಆ ಲೀಗಿನವರೇ! ಇಳಿದು ಬರುವಷ್ಟರಲ್ಲಿ, ಅತಿಥಿಗಳಿಗೆ ಹೊತ್ತಾಯಿತೆಂದು, ಅವನ ಪರವಾಗಿ ಲೀಗಿನ ಕಾರ್ಯದರ್ಶಿಯೇ ಶಾಲು ಹೊದ್ದು ಫೋಟೋ ತೆಗೆಸಿಕೊಂಡಿದ್ದ.

ನನಗೆ ಮೈಯೆಲ್ಲಾ ಉರಿಯಿತು. "ಓಗಿ ಕೇಳಣ್ಣ!" ಎಂದೆ.

"ಬುಡ್ಲಾ, ಸಾಕಾಗೋಗದೆ" ಎಂದು ರುದ್ರಣ್ಣ ಅಲ್ಲೇ ಕುಕ್ಕರಿಸಿದ.

ಕಾರ್ಯದರ್ಶಿ ಶಾಲು ಹೊದ್ದುಕೊಂಡೇ ಬಂದ. "ಆಚಾರ್ರೇ, ಆ ಕಡೆ ರಿಂಗೂ ಒಂಚೂರು ನೋಡ್ಬುಡಿ" ಎಂದ.

ರುದ್ರಣ್ಣ ಎದ್ದು ಏಣಿ ಎತ್ತಿದ. ಕಾರ್ಯದರ್ಶಿಗೆ ಬೈಯಲೆಂದು ಬಾಯಿ ತೆರೆದಿದ್ದ ನಾನು ಏಣಿಯ ಇನ್ನೊಂದು ತುದಿ ಹಿಡಿದೆ.