ಅಪ್ಪ ಇದ್ದ ಲೈನು

ಇಂಗ್ಲಿಷ್ ಮಾಸ್ತರರು ಹಲಗೆಯ ಮೇಲೊಂದು ಗೆರೆ ಎಳೆದು, ‘ಲೈನ್ ಅಂದರೆ ಗೆರೆ’ ಎಂದು ಕೈ ತೊಳೆದುಕೊಂಡರು. ನನಗೆ ಸಿಟ್ಟೇ ಬಂತು. ತೊಂಬತ್ತರ ದಶಕದ ಬಸವಕಲ್ಯಾಣದಲ್ಲಿ ಅಷ್ಟರಿಂದ ಯಾರ ಸಂಸಾರವೂ ಸಾಗುತ್ತಿರಲಿಲ್ಲ. ರೇಷನ್ ಅಂಗಡಿಯ ಮುಂದೆ ಸೀಮೆಎಣ್ಣೆ ಡಬ್ಬಿಗಳು ನಿಲ್ಲುವುದು ಲೈನು. ಕಂಬದಿಂದ ಕರೆಂಟು ಬರುವುದು ಲೈನು. ಎಸ್‌ಟಿಡಿ ಬೂತಿನಲ್ಲಿ ಅವ್ವ ಎಷ್ಟು ಕಾದರೂ ಸಿಗದೇ ಇರುವುದೂ ಲೈನೇ. ಕಿರಾಣಿ ಬಿಟ್ಟು ಹೊಲಿಗೆ ಹಿಡಿದವನು ಲೈನು ಬದಲಿಸಿದ. ಇನ್ನು ಲಾರಿ ಓಡಿಸುತ್ತಿದ್ದ ಅಪ್ಪನನ್ನು ಯಾರಾದರೂ ಕೇಳಿಕೊಂಡು ಬಂದರೆ, ಲೈನಿಗೆ ಹೋಗಿದ್ದಾನೆ ಎನ್ನುತ್ತಿದ್ದೆವು. ಅದು ಹೈದರಾಬಾದಿನಿಂದ ಮುಂಬೈವರೆಗಿನ ರಸ್ತೆ. ಆ ರಸ್ತೆಯ ಮೇಲಿನ ಮಂದಿಗೂ ಅದೇ ಹೆಸರು ಎಂಬುದು ನನಗೆ ಆಮೇಲೆ ತಿಳಿಯಿತು.

ಒಂದು ಮಳೆಗಾಲ ಅಜ್ಜಿ ಹಾಸಿಗೆ ಹಿಡಿದಳು. ಗಂಜಿಯೂ ಗಂಟಲಲ್ಲಿ ಇಳಿಯಲಿಲ್ಲ. ಮಗನನ್ನು ನೋಡಬೇಕು ಎಂಬುದೊಂದೇ ಅವಳ ಜಪ. ಅಪ್ಪ ಪುಣೆಯ ಆಚೆ ಎಲ್ಲೋ ಇದ್ದ. ಫೋನ್ ಮಾಡೋಣವೆಂದರೆ ಯಾವ ಊರಿಗೆ, ಯಾರಿಗೆ?

ಕಾಕಾ ನನ್ನನ್ನೂ ಕರೆದುಕೊಂಡು ಬಸ್ ಹತ್ತಿ ಹುಮನಾಬಾದಿಗೆ ಬಂದ. ಊರ ಹೊರಗಿನ ಧಾಬಾದಲ್ಲಿ ಸೊಲ್ಲಾಪುರದ ಕಡೆ ಹೊರಟಿದ್ದ ಚಾಲಕನೊಬ್ಬ ಚಹಾ ಕುಡಿಯುತ್ತಿದ್ದ. ಗುರುತಿಲ್ಲ, ಪರಿಚಯವಿಲ್ಲ. ಕಾಕಾ ಅವನಿಗೆ ಅಪ್ಪನ ಲಾರಿಯ ಬಣ್ಣ, ಹಿಂದೆ ಬರೆಸಿದ್ದ ಜೋಡಿ ಗಿಳಿಗಳ ಗುರುತು ಹೇಳಿ, ಅಜ್ಜಿಯ ಸ್ಥಿತಿ ತಿಳಿಸಿದ. ಆತ ಲೋಟ ಕೆಳಗಿಟ್ಟ.

“ಬ್ಯಾನಿ ಸುದ್ದಿ ಹೇಳಂಗಿಲ್ರಿ. ಸ್ಟೇರಿಂಗ್ ಹಿಡಿದವಗ ಅಂಜಿಕಿ ಹಚ್ಚಬಾರದು. ಹಗೂರ, ಸಾವಕಾಶ ಮನಿಗಿ ಬಾ ಅಂತ ಹೇಳ್ತೀವಿ, ಅಷ್ಟ.”

ಅದು ಲೈನಿನವರ ಪದ್ಧತಿಯಂತೆ. ಅವನು ಮುಂದಿನ ಧಾಬಾದಲ್ಲಿ ಹೇಳುತ್ತಾನೆ, ಅಲ್ಲಿಂದ ಹೊರಟವರು ಮತ್ತೆ ಮುಂದೆ ಹೇಳುತ್ತಾರೆ. ಇಷ್ಟು ಉದ್ದದ ರಸ್ತೆಯಲ್ಲಿ ಈ ಮಾತು ಅಪ್ಪನನ್ನು ಎಲ್ಲಿ ಮುಟ್ಟೀತು ಎಂದುಕೊಂಡು ನಾನು ಮರಳುವ ದಾರಿಯುದ್ದಕ್ಕೂ ಅತ್ತೆ.

ಮರುದಿನ ಸಂಜೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಅಜ್ಜಿ ಕಣ್ಣು ತೆರೆದು ಅವನ ಗಲ್ಲ ಸವರಿದಳು, ಉಂಡೆಯಾ ಎಂದು ಕೇಳಿದಳು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಮಣ್ಣು ಮುಗಿಸಿ ಬಂದ ಮೇಲೆ ಅಪ್ಪ ಕಟ್ಟೆಯ ಮೇಲೆ ಕುಳಿತು ಹೇಳಿದ. ಮೊದಲು ಪಂಕ್ಚರ್ ಅಂಗಡಿಯವನು ಹೇಳಿದನಂತೆ, ಆಮೇಲೆ ಚಹಾದವಳು, ಆಮೇಲೆ ಎದುರಿಗೆ ಬಂದ ಲಾರಿಯವನು ತಲೆ ಹೊರಗೆ ಹಾಕಿ. ಅವರಲ್ಲಿ ಯಾರೂ ಅಜ್ಜಿಯನ್ನು ನೋಡಿದವರಲ್ಲ, ನಮ್ಮ ಮನೆ ಯಾವ ಓಣಿಯಲ್ಲಿದೆ ಎಂದು ಬಲ್ಲವರಲ್ಲ. ಇಂದಿಗೂ ನೆನೆದರೆ ನನಗೆ ಅಚ್ಚರಿ ಹಿಂಗುವುದಿಲ್ಲ.

“ಯಾಕ ಅಂತ ಒಬ್ಬರೂ ಹೇಳಲಿಲ್ಲ,” ಎಂದ ಅಪ್ಪ. “ಎಲ್ಲಾರೂ ಹಗೂರ ಹೋಗು ಅಂದ್ರು. ಅವಾಗ ತಿಳೀತು, ಅವ್ವ ಹೊಂಟಾಳಂತ. ಗಾಡಿ ಹಾರಿಸಬೇಕಂತ ಜೀವ ಒದ್ದಾಡ್ತು. ಇಷ್ಟ ಮಂದಿ ನಾ ಉಳೀಲಿ ಅಂತ ನಿಂತಾಗ ಹ್ಯಾಂಗ ಹಾರಿಸಲಿ?”